ಪ್ರದರ್ಶನ: ಒಂದು ಪದದ ಮೂಲಮೂರ್ತಿ, ಉತ್ಸವಮೂರ್ತಿ

ದಾವಣಗೆರೆಯಲ್ಲಿ ಯಾವುದಾದರೂ ಪಕ್ಷದ ಸಮಾವೇಶ ನಡೆದ ಮರುದಿನ ಪತ್ರಿಕೆ ಬಿಡಿಸಿದರೆ ‘ಶಕ್ತಿ ಪ್ರದರ್ಶನ’ ಎಂಬ ತಲೆಬರಹ ಇರಲೇಬೇಕು. ಅದೇ ಪುಟದ ಕೆಳಗೆ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ, ಪಕ್ಕದಲ್ಲಿ ಚಿತ್ರಮಂದಿರದ ದಿನಕ್ಕೆ ನಾಲ್ಕು ಪ್ರದರ್ಶನ, ಕ್ರೀಡಾಪುಟದಲ್ಲಿ ಬ್ಯಾಟಿಂಗ್ ಸಾಲಿನ ಕಳಪೆ ಪ್ರದರ್ಶನ. ಕಂಪನಿ ನಾಟಕದವರ ಕರಪತ್ರದಲ್ಲಿ ‘ನೂರನೆಯ ಭರ್ಜರಿ ಪ್ರದರ್ಶನ’. ಇಷ್ಟೊಂದು ಕಡೆ ದುಡಿಯುವ ಪದ ಸವೆಯದೆ ಉಳಿದೀತೇ? ಹಾಗಾಗಿ ‘ಕಲಾ ಪ್ರದರ್ಶನ’ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ ಚಿತ್ರಗಳು, ಒಂದು ರಿಬ್ಬನ್, ತಟ್ಟೆಯಲ್ಲಿ ಒಂದು ಕತ್ತರಿ. ಕಲಾ ಸಂಗ್ರಹಾಲಯದಲ್ಲಿ ಕೆಲಸ ಮಾಡುವವರ ಬಾಯಲ್ಲಿ ಈ ಪದಕ್ಕೆ ಇದಕ್ಕಿಂತ ಹೆಚ್ಚಿನ ತೂಕವಿದೆ.

ಸಂಸ್ಕೃತದ ‘ದೃಶ್’ ಧಾತುವಿನಿಂದ ದರ್ಶನ; ಅದರ ಹಿಂದೆ ‘ಪ್ರ’ ಸೇರಿ ಪ್ರದರ್ಶನ. ‘ಪ್ರ’ ಎಂದರೆ ಮುಂದಕ್ಕೆ, ಎದುರಿಗೆ. ಒಳಗಿದ್ದುದನ್ನು ಕಣ್ಣೆದುರಿಗೆ ತಂದು ಕಾಣಿಸುವುದು ಎಂದರ್ಥ. ದರ್ಶನಕ್ಕೆ ನೋಡುವವನೊಬ್ಬ ಸಾಕು. ಪ್ರದರ್ಶನಕ್ಕೆ ಕಾಣಿಸುವವನೊಬ್ಬ, ಕಾಣುವವನೊಬ್ಬ, ಹೀಗೆ ಇಬ್ಬರು ಬೇಕು. ಕನ್ನಡದ ಸ್ವಂತ ಪದಗಳಲ್ಲಿ ಈ ನಂಟು ಇನ್ನೂ ಸೊಗಸಾಗಿದೆ. ‘ತೋರು’ ಎಂಬುದರಿಂದ ‘ತೋರಿಕೆ’ ಬಂತು. ಅದು ಸೋಗಿನ ಮಾತಾಗಿಬಿಟ್ಟಿತು. ‘ಕಾಣು’ ಎಂಬುದರಿಂದ ಒಂದು ಕಡೆ ಒಳನೋಟ ಎಂಬ ಅರ್ಥದ ‘ಕಾಣ್ಕೆ’, ಇನ್ನೊಂದು ಕಡೆ ದೊಡ್ಡವರನ್ನು ಕಾಣಲು ಹೋಗುವಾಗ ಒಯ್ಯುವ ‘ಕಾಣಿಕೆ’. ಒಳ್ಳೆಯ ಕಲಾ ಪ್ರದರ್ಶನಕ್ಕೆ ‘ಕಾಣ್ಕೆ’ ಎಂದೇ ಹೆಸರಿಡಬಹುದಿತ್ತು. ಆದರೆ ಆಹ್ವಾನಪತ್ರಿಕೆಯಲ್ಲಿ ಹಾಗೆ ಅಚ್ಚು ಹಾಕಿಸಿದರೆ ಒಳಗೆ ಹುಂಡಿ ಇಟ್ಟಿದ್ದಾರೆಂದು ಜನ ತಿಳಿದಾರು. ಪ್ರದರ್ಶನವೇ ಇರಲಿ.

ಸಂಗ್ರಹಕ್ಕೂ ಪ್ರದರ್ಶನಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ದಿನ ರಥದಲ್ಲಿ ಕುಳಿತು ಬರುವುದು ಉತ್ಸವಮೂರ್ತಿ. ಗುಡಿಗಳಲ್ಲಿ ಮೂಲಮೂರ್ತಿ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಊರಿಗೆ ಮುಖ ಕೊಡುವುದು ಉತ್ಸವಮೂರ್ತಿ. ಸಂಗ್ರಹಾಲಯದ ಉಗ್ರಾಣದಲ್ಲಿ ಇರುವ ಸಾವಿರಾರು ವಸ್ತುಗಳನ್ನು ಮೂಲಮೂರ್ತಿ ಎಂದುಕೊಳ್ಳಿ. ಅದರಿಂದ ಆಯ್ದು, ಒಂದು ಕಾಲಕ್ಕೆ, ಒಂದು ಕಾರಣಕ್ಕೆ, ಒಂದು ದಾರಿಯಲ್ಲಿ ಹೊರತರುವುದು ಪ್ರದರ್ಶನ. ಮುಗಿದ ಮೇಲೆ ವಸ್ತು ಮತ್ತೆ ಒಳಗೆ ಹೋಗುತ್ತದೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಗೊತ್ತು: ಗುಡಿಯಲ್ಲಿ ಮೂಲಮೂರ್ತಿಗೂ ದರ್ಶನವಿದೆ, ಉಗ್ರಾಣಕ್ಕೆ ನಮಗೆ ಪ್ರವೇಶವಿಲ್ಲ. ದೊಡ್ಡ ಸಂಗ್ರಹಾಲಯಗಳಲ್ಲಿ ಹೊರಗೆ ಕಾಣುವುದು ಒಳಗಿರುವುದರ ಸಣ್ಣ ಪಾಲು ಮಾತ್ರ.

ಹಾಗಾದರೆ ಎಲ್ಲವನ್ನೂ ಹೊರಗೇ ಇಡಬಾರದೇಕೆ ಎಂದು ಕೇಳುವವರಿದ್ದಾರೆ. ಜಾಗದ ಮಾತು ಹಾಗಿರಲಿ, ಬೆಳಕು ಅದಕ್ಕೆ ಬಿಡುವುದಿಲ್ಲ. ಕಾಗದ, ಬಟ್ಟೆ, ಜಲವರ್ಣ ಇವೆಲ್ಲ ಬೆಳಕು ಕುಡಿದು ಬಿಳುಚಿಕೊಳ್ಳುವ ವಸ್ತುಗಳು. ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್; ಇಂಥವುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ಸಂಗ್ರಹಾಲಯಗಳಲ್ಲಿ ರೂಢಿಯಾಗಿರುವ ಲೆಕ್ಕ. ಚಿತ್ರದುರ್ಗದ ಏಪ್ರಿಲ್ ಮಧ್ಯಾಹ್ನದ ಬಯಲಿನಲ್ಲಿ ಅದು ಒಂದು ಲಕ್ಷ ಲಕ್ಸ್ ಮುಟ್ಟಬಹುದು. ಬಣ್ಣ ಒಮ್ಮೆ ಹಾರಿದರೆ ಮರಳಿ ಬರುವುದಿಲ್ಲ. ಆದ್ದರಿಂದ ಕೆಲವು ತಿಂಗಳು ಹೊರಗಿಟ್ಟು, ಕೆಲವು ವರ್ಷ ಕತ್ತಲಲ್ಲಿ ವಿಶ್ರಾಂತಿ ಕೊಡುತ್ತಾರೆ. ‘ತಾತ್ಕಾಲಿಕ ಪ್ರದರ್ಶನ’ ಎಂಬ ಫಲಕ ಕಂಡರೆ ಅದನ್ನು ಬರಿಯ ಹೊಸತನದ ಆಸೆ ಎಂದುಕೊಳ್ಳಬೇಡಿ, ಅದರ ಹಿಂದೆ ಈ ವಿಶ್ರಾಂತಿಯ ಲೆಕ್ಕವೂ ಇರುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಶಾಲಾ ಪ್ರವಾಸದಲ್ಲಿ ಹೋದವರಿಗೆ ಬೇರೇನು ಮರೆತರೂ ದೀಪ ಹಿಡಿದ ಹೆಣ್ಣುಮಗಳ ಚಿತ್ರ ಮರೆತಿರುವುದಿಲ್ಲ. ಎಸ್.ಎಲ್. ಹಲ್ದಣಕರ್ 1940ರ ದಶಕದಲ್ಲಿ ತಮ್ಮ ಮಗಳನ್ನೇ ಮುಂದೆ ನಿಲ್ಲಿಸಿಕೊಂಡು ರಚಿಸಿದ ಜಲವರ್ಣ ಅದು. ರವಿವರ್ಮನದು ಎಂದು ಇಂದಿಗೂ ಆಣೆ ಮಾಡುವವರಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಕತ್ತಲು ಮಾಡಿದ ಕೋಣೆಯಲ್ಲಿ ಅದನ್ನು ಇಟ್ಟಿರುವುದರಿಂದ ಬೆರಳುಗಳ ಸಂದಿನ ಕೆಂಪು ನಿಜವಾಗಿಯೂ ಉರಿಯುವಂತೆ ತೋರುತ್ತದೆ. ಹಿಂದೆ ಬಲ್ಬು ಇಟ್ಟಿದ್ದಾರೆಯೇ ಎಂದು ಬಗ್ಗಿ ನೋಡಿದವರಲ್ಲಿ ನಾನೂ ಒಬ್ಬ. ಅದೇ ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ, ಇನ್ನೂ ನಲವತ್ತು ಚಿತ್ರಗಳ ನಡುವೆ ತೂಗುಹಾಕಿದ್ದರೆ ನಾವು ಒಂದು ನೋಟ ಹಾಯಿಸಿ ಐಸ್‌ಕ್ರೀಂ ಹುಡುಕಿಕೊಂಡು ಹೋಗುತ್ತಿದ್ದೆವು. ಚಿತ್ರ ಬರೆದದ್ದು ಹಲ್ದಣಕರ್. ಅದನ್ನು ನಮಗೆ ಕಾಣಿಸಿದ್ದು ಆ ಕತ್ತಲು.

ತೊಗಲುಗೊಂಬೆಯಲ್ಲಿ ಈ ತೊಡಕು ಇನ್ನೂ ಬಿಗಿಯಾಗಿದೆ. ಹದಮಾಡಿದ ತೊಗಲಿನ ಮೇಲೆ ಬಣ್ಣ ಹಾಕಿ ಮಾಡಿದ ಗೊಂಬೆ ಜೀವ ಪಡೆಯುವುದು ಹಿಂದಿನಿಂದ ದೀಪ ಬಿದ್ದಾಗ. ಗೋಡೆಗೆ ಒತ್ತಿ, ಗಾಜು ಮುಚ್ಚಿ, ಮುಂದಿನಿಂದ ಬೆಳಕು ಕೊಟ್ಟರೆ ರಾವಣನೂ ಒಣಗಿದ ಹಪ್ಪಳದಂತೆ ಕಾಣುತ್ತಾನೆ. ಹಿಂದಿನಿಂದ ದೀಪ ಇಟ್ಟರೆ ಬಣ್ಣಗಳು ಹೊತ್ತಿಕೊಳ್ಳುತ್ತವೆ, ಆದರೆ ದಿನವಿಡೀ ಇಟ್ಟರೆ ವರ್ಷಗಳಲ್ಲಿ ಅದೇ ಬಣ್ಣ ಹಾರಿಹೋಗುತ್ತದೆ. ಕಾಣಿಸಬೇಕು, ಉಳಿಸಲೂ ಬೇಕು. ಪ್ರದರ್ಶನ ಕಟ್ಟುವವನ ತಲೆನೋವೆಲ್ಲ ಈ ಎರಡರ ನಡುವೆ.

ಈ ತಲೆನೋವನ್ನು ಹೊತ್ತವರಲ್ಲಿ ನಮ್ಮ ಜಿಲ್ಲೆಯವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದಾಗ ಅದನ್ನು ಕಟ್ಟಿದ ಮುಖ್ಯ ಕೈಗಳಲ್ಲಿ ಒಂದು ಅವರದು. ಊರೂರು ಅಲೆದು ಗೊಂಬೆ, ವೇಷ, ಬೇಸಾಯದ ಮುಟ್ಟು, ಅಡುಗೆ ಮನೆಯ ಸಾಮಾನು ತಂದರು. ಅಟ್ಟದ ಮೇಲೆ ದೂಳು ತಿನ್ನುತ್ತಿದ್ದ ಸೇರು, ಚಟಾಕು, ಕೂರಿಗೆಗಳನ್ನು ನೋಡಲು ಜನ ಹುಡುಕಿಕೊಂಡು ಬರುವಂತಾಗುವುದು ಸಣ್ಣ ಮಾತಲ್ಲ. ಮನೆಯಲ್ಲಿ ಕೂರಿಗೆ ಉಪಕರಣ. ಸಂಗ್ರಹಾಲಯದಲ್ಲಿ ಅದು ಬಿತ್ತುವವನ ಜಾಣ್ಮೆಯ ಸಾಕ್ಷಿ. ಮರ ಅದೇ, ಇಟ್ಟ ಜಾಗ ಬೇರೆ.

ಆಯ್ದು, ಜೋಡಿಸಿ, ಕಾಣಿಸುವವರನ್ನು ಕ್ಯುರೇಟರ್ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಈ ಪದ ಪರಿಚಯವಾದದ್ದು ಕ್ರಿಕೆಟ್ಟಿನ ಪಿಚ್‌ನಿಂದ. ಪಿಚ್ ಕ್ಯುರೇಟರ್ ಹುಲ್ಲು ಎಷ್ಟು ಬಿಡಬೇಕು, ನೀರು ಯಾವಾಗ ಹಾಯಿಸಬೇಕು ಎಂದು ನೋಡಿಕೊಳ್ಳುತ್ತಾನೆ; ಆಟ ಆಡುವುದಿಲ್ಲ, ಆದರೆ ಆಟದ ಗತಿ ಅವನ ಕೈಯಲ್ಲಿ. ಕಲೆಯ ಕ್ಯುರೇಟರ್ ಕೂಡ ಹಾಗೆಯೇ. ಎರಡಕ್ಕೂ ಮೂಲ ‘ಆರೈಕೆ’ ಎಂಬ ಅರ್ಥದ ಲ್ಯಾಟಿನ್ ಪದ. ಕನ್ನಡದಲ್ಲಿ ‘ಸಂಗ್ರಹಪಾಲಕ’ ಎಂದು ಬರೆಯುವುದುಂಟು. ಪಾಲನೆ ಅದರಲ್ಲಿ ಬಂತು, ಆಯ್ಕೆ ಬರಲಿಲ್ಲ. ನಾನು ಕ್ಯುರೇಟರ್ ಎಂದೇ ಬರೆಯುತ್ತೇನೆ.

ಅವರ ಕೆಲಸದ ಸಣ್ಣ ಸಂಗತಿಗಳೇ ರುಚಿಕರ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿರಬೇಕು ಎಂಬುದು ಗ್ಯಾಲರಿಗಳ ರೂಢಿ. ನಿಂತವರ ಕಣ್ಣಿನ ಮಟ್ಟ ಅದು. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರ ಫೋಟೊ ಬಾಗಿಲ ಮೇಲೆ, ತೊಲೆಗೆ ತಾಗಿ, ಮುಂದಕ್ಕೆ ಬಾಗಿ ನೇತಾಡುತ್ತದೆ. ಅದು ಕೈ ಮುಗಿಯುವವರ ಎತ್ತರ. ಇದು ಕಣ್ಣಿಗೆ ಕಣ್ಣು ಕೊಟ್ಟು ನೋಡುವವರ ಎತ್ತರ. ಎರಡೂ ಪ್ರದರ್ಶನವೇ, ಉದ್ದೇಶ ಬೇರೆ.

ಇನ್ನು ವಿವರಫಲಕ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಉತ್ಖನನಗಳಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಅಂಥ ಒಂದರ ಮುಂದೆ ‘ನಾಣ್ಯ, ಬೆಳ್ಳಿ, ಚಂದ್ರವಳ್ಳಿ’ ಎಂದು ಬರೆದಿಟ್ಟರೆ ಹೇಳಿದ್ದು ಸುಳ್ಳಲ್ಲ, ಆದರೆ ಯಾರೂ ನಿಲ್ಲುವುದಿಲ್ಲ. ‘ಸಮುದ್ರ ದಾಟಿ ಬಂದ ಈ ನಾಣ್ಯ ಕೋಟೆಬೆಟ್ಟದ ತಪ್ಪಲಿಗೆ ಯಾವ ಸರಕಿನ ಬೆಲೆಯಾಗಿ ಬಂದಿರಬಹುದು?’ ಎಂದು ಕೇಳಿದರೆ ಕಾಲು ತಾನಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಶಾತವಾಹನರ ನಾಣ್ಯವನ್ನೂ ಇಟ್ಟರೆ ಫಲಕವೇ ಬೇಡವಾದೀತು. ಎರಡು ವಸ್ತುಗಳನ್ನು ಅಕ್ಕಪಕ್ಕ ಇಡುವುದೂ ಒಂದು ವಾಕ್ಯ ಬರೆದಂತೆ.

ಒಬ್ಬರೇ ಕಲಾವಿದರದು ಏಕವ್ಯಕ್ತಿ ಪ್ರದರ್ಶನ, ಹಲವರು ಸೇರಿದರೆ ಸಮೂಹ ಪ್ರದರ್ಶನ, ಒಬ್ಬರ ಇಡೀ ಬದುಕಿನ ಕೆಲಸವನ್ನು ಹಿಂತಿರುಗಿ ನೋಡಿದರೆ ಸಿಂಹಾವಲೋಕನ. ಊರಿಂದೂರಿಗೆ ಹೋಗುವುದು ಸಂಚಾರಿ ಪ್ರದರ್ಶನ. ಸಾಣೇಹಳ್ಳಿಯ ಶಿವಸಂಚಾರದ ನಾಟಕಗಳು ಊರಿಗೆ ಬಂದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ವಿಜ್ಞಾನ ಬಸ್ಸು ಶಾಲೆಯ ಅಂಗಳಕ್ಕೆ ಬರುವುದೂ ಇದೇ ಬಗೆ.

ಪ್ರದರ್ಶನದ ಜೊತೆಗೆ ಈಚೆಗೆ ಅಂಟಿಕೊಂಡು ಬರುವ ಇನ್ನೊಂದು ಮಾತು ‘ಸಾರ್ವಜನಿಕ ಕಾರ್ಯಕ್ರಮ’. ನಮ್ಮ ಕಡೆ ಈ ಮಾತು ಕೇಳಿದರೆ ವೇದಿಕೆ, ಶಾಲು, ಹಾರ, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ ನೆನಪಾಗುತ್ತವೆ. ಒಂದು ಊರಿನ ಚಿತ್ರಪ್ರದರ್ಶನದಲ್ಲಿ ಉದ್ಘಾಟನೆಯ ಫ್ಲೆಕ್ಸ್ ಮೂರು ಚಿತ್ರಗಳನ್ನು ಪೂರ್ತಿ ಮುಚ್ಚಿಕೊಂಡಿತ್ತು. ಅತಿಥಿಗಳು ಆ ಚಿತ್ರಗಳಿಗೆ ಬೆನ್ನು ಕೊಟ್ಟು ಎರಡು ಗಂಟೆ ಕಲೆಯ ಮಹತ್ವ ಹೇಳಿದರು. ಇದು ಸಂಗ್ರಹಾಲಯದ ಅರ್ಥದ ಸಾರ್ವಜನಿಕ ಕಾರ್ಯಕ್ರಮವಲ್ಲ. ಅಲ್ಲಿ ಅದರ ಅರ್ಥ, ಇಟ್ಟದ್ದನ್ನು ಕಾಣುವಂತೆ ಮಾಡುವ ಉಳಿದ ಎಲ್ಲ ಕೆಲಸ: ಜೊತೆಯಲ್ಲಿ ನಡೆದು ವಿವರಿಸುವುದು, ಪ್ರಾತ್ಯಕ್ಷಿಕೆ, ಮಕ್ಕಳ ಶಿಬಿರ, ಕಲಾವಿದರ ಜೊತೆ ಸಂವಾದ, ಕಣ್ಣು ಕಾಣದವರು ಮುಟ್ಟಿ ತಿಳಿಯಲು ಪ್ರತಿಕೃತಿಗಳು.

ಕೋಟೆಗೆ ಹೋದವರಿಗೆ ಇದರ ರುಚಿ ಗೊತ್ತು. ಒನಕೆ ಓಬವ್ವನ ಕಿಂಡಿಯನ್ನು ನೀವಾಗಿ ನೋಡಿದರೆ ಬಂಡೆಗಳ ನಡುವಿನ ಒಂದು ಸಂದು, ಅಷ್ಟೇ. ಗೈಡ್ ಬಂದು, ಪಂಚೆ ಎತ್ತಿಕಟ್ಟಿ, ಆ ಕಡೆಯಿಂದ ತಲೆ ತೂರಿಸಿ, ಶತ್ರು ಹೇಗೆ ಬಗ್ಗಿ ಬರಬೇಕಾಗಿತ್ತು ಎಂದು ಮಾಡಿ ತೋರಿಸಿದಾಗ ಮೈ ಜುಮ್ಮೆನ್ನುತ್ತದೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ 1907ರಲ್ಲಿ ಇಂಥ ಜೊತೆಗಾರರನ್ನು ನೇಮಿಸಿಕೊಂಡು ಅವರಿಗೆ ‘ಡೋಸೆಂಟ್’ ಎಂದು ಹೆಸರಿಟ್ಟಿತು. ಕಲಿಸುವವರು ಎಂದು ಅದರ ಲ್ಯಾಟಿನ್ ಮೂಲ. ಅಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ‘ಮ್ಯೂಸಿಯಂ ಆಯಾಸ’ದ ಬಗ್ಗೆಯೂ ಬರೆದರು. ಗಾಜಿನ ಪೆಟ್ಟಿಗೆಗಳ ಮುಂದೆ ಮನುಷ್ಯನೊಬ್ಬ ಬಗ್ಗಿ, ಕುಕ್ಕರಗಾಲಿನಲ್ಲಿ ಕುಳಿತು, ಕತ್ತು ಉದ್ದ ಮಾಡಿ ಒದ್ದಾಡುವ ಫೋಟೊಗಳನ್ನೇ ಅವರು ಸಾಕ್ಷಿಯಾಗಿ ಕೊಟ್ಟರು. ನೋಡುವವನಿಗೆ ಆಸಕ್ತಿಯಿಲ್ಲ ಎಂದು ದೂರುವ ಮೊದಲು ಅವನ ಸೊಂಟದ ಬಗ್ಗೆ ಯೋಚಿಸಿ ಎಂಬುದು ಅವರ ವಾದದ ತಿರುಳು. ಕೂರಲು ಒಂದು ಬೆಂಚು ಹಾಕುವುದೂ ಪ್ರದರ್ಶನದ ಭಾಗವೇ.

ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 2022ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಒಪ್ಪಿದ ಹೊಸ ವ್ಯಾಖ್ಯೆಯಲ್ಲಿ ಸಂಗ್ರಹಿಸುವುದು, ಉಳಿಸುವುದು, ಪ್ರದರ್ಶಿಸುವುದರ ಜೊತೆಗೆ ಸಮುದಾಯಗಳ ಪಾಲ್ಗೊಳ್ಳುವಿಕೆಯೂ ಸೇರಿತು. ದಫ್ತರದ ಭಾಷೆಯಲ್ಲಿ ಅದು ಒಣಗಿದಂತೆ ಕೇಳುತ್ತದೆ. ನಾನು ಅದನ್ನು ಕಂಡದ್ದು ದಾವಣಗೆರೆಯಲ್ಲಿ, ಕಲಾ ವಿದ್ಯಾರ್ಥಿಗಳ ಒಂದು ಸಣ್ಣ ಪ್ರದರ್ಶನದಲ್ಲಿ.

ಹುಡುಗನೊಬ್ಬ ಮಂಡಕ್ಕಿ ಭಟ್ಟಿಯ ಚಿತ್ರ ಬರೆದಿದ್ದ. ಹೊಗೆ, ಕೆಂಪು ಒಲೆ, ದೊಡ್ಡ ಬಾಣಲೆ, ಅದರೊಳಗೆ ಮಲ್ಲಿಗೆಯಂಥ ಮಂಡಕ್ಕಿ. ಚಿತ್ರಕ್ಕಾಗಿ ಹತ್ತಾರು ದಿನ ಭಟ್ಟಿಯ ಮುಂದೆ ಕುಳಿತಿದ್ದನಂತೆ. ಅಲ್ಲಿ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆದಿದ್ದ. ಅವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಎಲ್ಲ ಚೆನ್ನಾಗಿದೆ ತಮ್ಮಾ. ಮರಳೆಲ್ಲಿ?”

“ಯಾವ ಮರಳು, ಯಜಮಾನರೇ?”

“ಬಾಣಲೆಯಲ್ಲಿ ಕಾದ ಮರಳು ಇರಬೇಕಲ್ಲ. ಮರಳಿಲ್ಲದೆ ಅಕ್ಕಿ ಹೇಗೆ ಅರಳುತ್ತದೆ?”

ಹುಡುಗ ಬೆಪ್ಪಾಗಿ ನಿಂತ. ಹಿರಿಯರು ಬೆಂಚಿನ ಮೇಲೆ ಕುಳಿತು, ನೆನೆಸಿದ ಅಕ್ಕಿಯ ಹದ, ಮರಳಿನ ಕಾವು, ಜರಡಿ ಹಿಡಿಯುವ ಕೈಚಳಕ ಎಲ್ಲವನ್ನೂ ಹೇಳತೊಡಗಿದರು. ಸುತ್ತ ಹದಿನೈದು ಇಪ್ಪತ್ತು ಜನ ಸೇರಿದರು. ಆಹ್ವಾನಪತ್ರಿಕೆಯಲ್ಲಿ ಆ ಹೊತ್ತಿನ ಮುಂದೆ ‘ಲಘು ಉಪಾಹಾರ’ ಎಂದು ಅಚ್ಚಾಗಿತ್ತು.