ಒಂದನೇ ಚೀಟಿ ಯಾರಿಗೂ ಬೇಡ

ಬೆಳಗಾವಿ ಇರಲಿ, ವಿಜಯಪುರ ಇರಲಿ, ಕಾಲೇಜು ಯುವಜನೋತ್ಸವದ ಗಾಯನ ಸ್ಪರ್ಧೆಯಲ್ಲಿ ಒಂದನೇ ನಂಬರಿನ ಚೀಟಿ ಎತ್ತಿ ಮೊದಲು ಹಾಡಬೇಕಾದವರ ಮುಖ ಸಣ್ಣದಾಗುತ್ತದೆ. ‘ಚಲೋ ಹಾಡಿದ್ರ ಎಷ್ಟನೇ ನಂಬರ್ ಆದ್ರೇನು’ ಎಂದು ಗುರುಗಳು ಸಮಾಧಾನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದವರು ಮಾತ್ರ ಹಾಡುವವರ ಅಳುಕೇ ಸರಿ ಅನ್ನುತ್ತಾರೆ.

ಲೆಕ್ಕ ಸಿಕ್ಕಿದ್ದು ಬ್ರಸೆಲ್ಸ್‌ನಲ್ಲಿ. 1937ರಲ್ಲಿ ಶುರುವಾದ ಅಲ್ಲಿನ ಸಂಗೀತ ಸ್ಪರ್ಧೆಗೆ 1951ರಿಂದ ಕ್ವೀನ್ ಎಲಿಜಬೆತ್ ಹೆಸರಿದೆ. ಅದರ ಪಿಯಾನೊ ಫೈನಲ್‌ನಲ್ಲಿ 12 ಮಂದಿ, ದಿನಕ್ಕಿಬ್ಬರಂತೆ ಆರು ಸಂಜೆ ನುಡಿಸುತ್ತಾರೆ. ಸರದಿ ಅಲ್ಲೂ ಅದೃಷ್ಟದ ಮೇಲೆಯೇ. 1996ರಲ್ಲಿ ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಫಲಿತಾಂಶಗಳನ್ನು ಕೆದಕಿದರು. ಮೊದಲ ದಿನ ನುಡಿಸಿದವರು ಹಿಂದೆ ಬಿದ್ದಿದ್ದರು. ಐದನೇ ದಿನದವರು ಮೇಲೆ ಬಂದಿದ್ದರು. 2003ರಲ್ಲಿ ಗಿನ್ಸ್‌ಬರ್ಗ್ ಇನ್ನೊಬ್ಬರ ಜೊತೆ ಸೇರಿ ಮುಂದಿನ ಕಥೆಯನ್ನೂ ನೋಡಿದರು. ಮೇಲಿನ ಸ್ಥಾನ ಸಿಕ್ಕವರಿಗೆ ನಂತರವೂ ಹೆಸರು ಜಾಸ್ತಿ. ಅಂದರೆ ಒಂದು ಚೀಟಿ ಬದುಕಿನವರೆಗೂ ಕೈ ಚಾಚಬಹುದು.

ಯಾಕೆ ಹೀಗೆ? ಆ ಫೈನಲ್‌ನಲ್ಲಿ ಎಲ್ಲರೂ ನುಡಿಸಲೇಬೇಕಾದ ಹೊಸ ಕೃತಿಯೊಂದಿರುತ್ತದೆ. ಮೊದಲ ದಿನ ನಿರ್ಣಾಯಕರ ಕಿವಿಗೂ ಅದು ಹೊಸದು. ನಮ್ಮಲ್ಲಿ ಅದೇ ಭೂಪ್, ಅದೇ ಯಮನ್ ರಾಗ, ಹಾಗಾಗಿ ಈ ಕಾರಣ ಅಷ್ಟಾಗಿ ಒಪ್ಪುವುದಿಲ್ಲ. ನಮ್ಮ ತೊಂದರೆ ಬೇರೆ ಅಂತ ನನಗನ್ನಿಸುತ್ತದೆ. ಮುಂದೆ ಇನ್ನೂ ಒಳ್ಳೆಯವರು ಬರಬಹುದು ಎಂದು ನಿರ್ಣಾಯಕರು ಅಂಕ ಕೈಯಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ಮೊದಲನೆಯವರಿಗೆ ಹತ್ತಕ್ಕೆ ಒಂಬತ್ತು ಕೊಟ್ಟುಬಿಟ್ಟರೆ ಮುಂದೆ ಜಾಗ ಎಲ್ಲಿ? ಜೊತೆಗೆ, ಮೈಫಿಲ್‌ನಲ್ಲಿ ಹಿರಿಯರು ಕೊನೆಗೇ ಕೂರುವುದು. ಒಳ್ಳೆಯದು ತಡವಾಗಿ ಬರುತ್ತದೆ ಎಂದು ಕಾಯುವುದು ನಮ್ಮ ಕಿವಿಗೆ ರೂಢಿ, ಅಲ್ವಾ?

ಹಾಡಿಗಷ್ಟೇ ಅಂಟಿದ ರೋಗವೂ ಅಲ್ಲ ಇದು. 2005ರಲ್ಲಿ ಬ್ರೂಯಿನ್ ಡಿ ಬ್ರೂಯಿನ್ ಎಂಬ ಸಂಶೋಧಕಿ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲೂ ಐಸ್ ಸ್ಕೇಟಿಂಗ್‌ನಲ್ಲೂ ಇದೇ ಒಲವು ಕಂಡರು. ತಡವಾಗಿ ಬಂದವರಿಗೆ ಅಂಕ ಜಾಸ್ತಿ.

ನಮ್ಮ ದೇಶದಲ್ಲಿ ಆಡಿಷನ್ ಎಂದರೆ ಬಹುಕಾಲ ಆಕಾಶವಾಣಿಯೇ. ಬಿ.ವಿ. ಕೇಸ್ಕರ್ ಕೇಂದ್ರದ ಪ್ರಸಾರ ಖಾತೆಯ ಮಂತ್ರಿಯಾದ ಮೇಲೆ, 1952ರಿಂದ, ಆಡಿಷನ್ ಪದ್ಧತಿ ಬಿಗಿಯಾಯಿತು. ‘ನಮಗೇ ಪರೀಕ್ಷೆಯಾ’ ಎಂದು ಹಿರಿಯ ಕಲಾವಿದರು ಸಿಟ್ಟಾದರು. ಆದರೆ ಮುಖ ನೋಡದೆ ಕೇಳುವ ಆ ಪದ್ಧತಿಯಲ್ಲಿ ಒಂದು ಒಳ್ಳೆಯ ಅಂಶ ಇತ್ತು. ಯಾರ ಶಿಷ್ಯ, ಯಾರ ಮಗ ಎಂಬುದು ಮರೆಯಾಗುತ್ತದೆ. ಸರದಿ ಮಾತ್ರ ಮರೆಯಾಗುವುದಿಲ್ಲ. ಪರದೆ ಹಿಂದೆ ಹಾಡಿದರೂ ಮೊದಲನೆಯವರು ಮೊದಲನೆಯವರೇ. ಅದಕ್ಕೆ ಮದ್ದು ಧ್ವನಿಮುದ್ರಣ. ಸುತ್ತಿ ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು.

ಚೀಟಿ ಎತ್ತಿಸಿದರೆ ನ್ಯಾಯ ಮುಗಿಯಿತು ಎಂದು ನಮ್ಮ ಸಂಘಟಕರು ಸುಮ್ನೆ ಅಂದುಕೊಂಡಿದ್ದಾರೆ. ಚೀಟಿ ಯಾರ ಪರವೂ ಅಲ್ಲ, ನಿಜ. ಆದರೆ ನಷ್ಟವನ್ನು ಅದು ಅಳಿಸುವುದಿಲ್ಲ, ಯಾರ ತಲೆಗೆ ಎಂದಷ್ಟೇ ನಿರ್ಧರಿಸುತ್ತದೆ. ಎರಡು ಸುತ್ತು ಇದ್ದರೆ ಎರಡನೆಯದರಲ್ಲಿ ಸರದಿ ತಿರುಗಿಸಬಹುದು. ಒಂದೇ ಸುತ್ತಾದರೆ ಮೊದಲ ಮೂವರ ಹಾಡನ್ನು ಮೊಬೈಲ್‌ನಲ್ಲಿ ಹಿಡಿದಿಟ್ಟು, ಅಂಕಪಟ್ಟಿಗೆ ಸಹಿ ಹಾಕುವ ಮುಂಚೆ ಮತ್ತೊಮ್ಮೆ ಕೇಳಿಸಬಹುದು. ‘ಊಟದ ಹೊತ್ತಾತು’ ಅನ್ನುತ್ತಾರೆ, ಗೊತ್ತು. ಐದೈದು ನಿಮಿಷದ ಮೂರು ಹಾಡಿಗೆ ಕಾಲು ಗಂಟೆ ಸಾಕು.