ಒಂದು ಕ್ಲಬ್ ಅಂದರೆ ಏನು? ಆನ್‌ಲೈನ್ ಬ್ರಿಡ್ಜ್ ಮತ್ತು ಕನ್ವೆನ್ಷನ್ ಕಾರ್ಡ್

ಆನ್‌ಲೈನ್ ಬ್ರಿಡ್ಜ್ ಟೇಬಲ್ಲಿನಲ್ಲಿ ಮುಖಪರಿಚಯವೇ ಇಲ್ಲದ ಇಬ್ಬರು ಪಾರ್ಟ್ನರ್‌ಗಳಾಗಿ ಕೂತಾಗ ನಡೆಯುವ ಮಾತುಕತೆ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ‘ಎಸ್‌ಎವೈಸಿ?’ ಎಂದು ಒಬ್ಬರು ಚಾಟಿನಲ್ಲಿ ಕೇಳುತ್ತಾರೆ. ‘ಟೂ ಓವರ್ ಒನ್, 1430’ ಎನ್ನುತ್ತಾರೆ ಇನ್ನೊಬ್ಬರು. ‘ಓಕೆ’. ಇವೆಲ್ಲ ಬಿಡ್ಡಿಂಗ್ ಪದ್ಧತಿಗಳ, ಸಂಕೇತಗಳ ಹೆಸರುಗಳು. ಅಷ್ಟರಲ್ಲಿ ಎಲೆ ಹಂಚಿಕೆಯಾಗಿರುತ್ತದೆ. ಈ ಒಪ್ಪಂದದೊಳಗೆ ಏನೇನಿದೆ ಎಂದು ಒಪ್ಪಿಕೊಂಡ ಇಬ್ಬರಿಗೂ ಪೂರ್ತಿ ಗೊತ್ತಿಲ್ಲ, ಎದುರಾಳಿಗಳಿಗೆ ಮೊದಲೇ ಗೊತ್ತಿಲ್ಲ. ಆದರೆ ಬ್ರಿಡ್ಜ್ ನಿಯಮಗಳ ಪ್ರಕಾರ ಎದುರಾಳಿಗಳಿಗೆ ಅದು ತಿಳಿಯಲೇಬೇಕು. ಕಾಗದದ ಮೇಲೆ ಹೆಚ್ಚುಕಡಿಮೆ ಬಗೆಹರಿದಿದ್ದ ಈ ಸಮಸ್ಯೆ ಇಂಟರ್‌ನೆಟ್ಟಿಗೆ ಬಂದಮೇಲೆ ಮತ್ತೆ ಮೇಲೆದ್ದಿತು. ಅದಕ್ಕೆ ಒಂದು ಒಳ್ಳೆಯ ಉಪಾಯವೂ ಸಿಕ್ಕಿತ್ತು, ಸಿಕ್ಕಿದ್ದು ಕೈಬಿಟ್ಟು ಹೋಯಿತು.

ಬ್ರಿಡ್ಜ್ ಆಡಿ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ನಾಲ್ವರ ಆಟ. ಎದುರುಬದುರು ಕೂತವರು ಪಾರ್ಟ್ನರ್‌ಗಳು, ತಲಾ 13 ಎಲೆ. ತುರುಪು ಯಾವುದು, ಎಷ್ಟು ಟ್ರಿಕ್ ಗೆಲ್ಲಬೇಕು ಎಂಬುದು ಆಟಕ್ಕೆ ಮುಂಚೆ ನಡೆಯುವ ಬಿಡ್ಡಿಂಗಿನಲ್ಲಿ ತೀರ್ಮಾನವಾಗುತ್ತದೆ. ಒಬ್ಬರ ಕೈಗೆ ಬರಬಹುದಾದ 13 ಎಲೆಗಳ ಬೇರೆಬೇರೆ ಕೂಟಗಳು 63,501 ಕೋಟಿಗೂ ಹೆಚ್ಚು. ಅವನ್ನು ಪಾರ್ಟ್ನರ್‌ಗೆ ತಿಳಿಸಲು ಇರುವ ಮಾತುಗಳು ಬರೀ 38: ಒಂದು ಕ್ಲಬ್‌ನಿಂದ (ಕ್ಲಾವರ್) ಏಳು ನೋಟ್ರಂಪ್‌ವರೆಗಿನ (ತುರುಪಿಲ್ಲದ ಆಟ) 35 ಬಿಡ್‌ಗಳು, ಜೊತೆಗೆ ಪಾಸ್, ಡಬಲ್, ರೀಡಬಲ್. ಇಷ್ಟು ಸಣ್ಣ ಶಬ್ದಭಂಡಾರದಿಂದ ಅಷ್ಟು ದೊಡ್ಡ ಲೋಕವನ್ನು ವರ್ಣಿಸಬೇಕಾದರೆ ಯಾವ ಮಾತಿಗೆ ಯಾವ ಅರ್ಥ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಪಾಯಿಂಟ್ ಎಣಿಸಿದರೆ, ಇಂಗ್ಲೆಂಡಿನ ಆ್ಯಕಲ್ ಪದ್ಧತಿಯವರು ‘ಒಂದು ನೋಟ್ರಂಪ್’ ಎನ್ನುವುದು ಸಾಮಾನ್ಯವಾಗಿ 12ರಿಂದ 14 ಪಾಯಿಂಟಿಗೆ, ಅಮೆರಿಕದವರು ಹೆಚ್ಚಾಗಿ 15ರಿಂದ 17ಕ್ಕೆ. ‘ಒಂದು ಕ್ಲಬ್’ ಎಂದವರ ಕೈಯಲ್ಲಿ ಸ್ಟ್ಯಾಂಡರ್ಡ್ ಅಮೆರಿಕನ್ ಪದ್ಧತಿಯಾದರೆ ಕಡೇಪಕ್ಷ ಮೂರು ಕ್ಲಬ್ ಎಲೆ ಇರುತ್ತದೆ. ಪ್ರಿಸಿಷನ್ ಪದ್ಧತಿಯಾದರೆ 16ಕ್ಕೆ ಮೇಲ್ಪಟ್ಟ ಪಾಯಿಂಟ್ ಇರುತ್ತದೆ, ಕ್ಲಬ್ ಎಲೆ ಒಂದೂ ಇಲ್ಲದಿರಬಹುದು.

ನಾಟಿ ಔಷಧ ಕೊಡುವ ಮನೆತನದವರು ಬೇರಿನ ಹೆಸರನ್ನು ಹೊರಗಿನವರಿಗೆ ಹೇಳುವುದಿಲ್ಲ, ಹೇಳಿದರೆ ಮದ್ದಿನ ಗುಣ ಹೋಗುತ್ತದೆಂಬ ನಂಬಿಕೆ ಅವರದು. ಬ್ರಿಡ್ಜ್‌ನಲ್ಲಿ ಇದಕ್ಕೆ ತೀರಾ ತದ್ವಿರುದ್ಧ. ನಿಮ್ಮ ಎಲೆಗಳು ಗುಟ್ಟು, ಆದರೆ ನಿಮ್ಮ ಒಪ್ಪಂದ ಬಹಿರಂಗ. ಒಂದೇ ಹಂಚಿಕೆಯನ್ನು ಬೇರೆಬೇರೆ ಟೇಬಲ್ಲುಗಳಲ್ಲಿ ಆಡಿಸುವ ಡುಪ್ಲಿಕೇಟ್ ಬ್ರಿಡ್ಜ್‌ನ 40ನೇ ನಿಯಮದ ತಿರುಳು ಇದೇ. ಪಾರ್ಟ್ನರ್‌ಗಳ ನಡುವೆ ಏನು ಒಪ್ಪಂದವಿದೆಯೋ ಅದನ್ನು ತಿಳಿಯುವ ಹಕ್ಕು ಎದುರಾಳಿಗಳಿಗೂ ಉಂಟು. ಪಾರ್ಟ್ನರ್‌ಗಳು ತಮ್ಮ ಒಪ್ಪಂದಗಳನ್ನು ಬರೆದಿಡುವ ಕನ್ವೆನ್ಷನ್ ಕಾರ್ಡ್ ಹುಟ್ಟಿದ್ದು ಈ ಹಕ್ಕಿಗಾಗಿ. ಆಡುವವರ ನೆನಪಿಗೆ ನೆರವಾಗಲಿ ಎಂದಲ್ಲ. ಆಡುವ ಹೊತ್ತಿನಲ್ಲಿ ಸ್ವಂತ ಕಾರ್ಡನ್ನೇ ತಿರುವಿ ನೋಡಬಾರದು ಎಂಬ ನಿಯಮವೂ ಇದೆ, ಪಂದ್ಯದ ಆಡಳಿತ ಬೇರೆ ರೀತಿ ಹೇಳದಿದ್ದರೆ.

ಈ ತತ್ತ್ವ ಒಂದೇ ಸಲಕ್ಕೆ ಗಟ್ಟಿಯಾದದ್ದಲ್ಲ. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಪನಾಮಾ ಕಾಲುವೆಯ ಹಾದಿಯ ಹಡಗುಪಯಣದಲ್ಲಿ ಕಾಂಟ್ರ್ಯಾಕ್ಟ್ ಬ್ರಿಡ್ಜ್‌ಗೆ ಇಂದಿನ ರೂಪ ಕೊಟ್ಟರು. ಐದೇ ವರ್ಷಕ್ಕೆ, 1930ರಲ್ಲಿ, ಲಂಡನ್ನಿನಲ್ಲಿ 200 ಹಂಚಿಕೆಗಳ ಒಂದು ಪಂದ್ಯ ನಡೆಯಿತು. ಒಂದು ಕಡೆ ಕರ್ನಲ್ ವಾಲ್ಟರ್ ಬುಲ್ಲರ್. ಸಂಕೇತಗಳ ಹಂಗಿಲ್ಲದೆ ನೇರವಾಗಿ ಬಿಡ್ ಮಾಡುವುದೇ ಸರಿ ಎಂದು ಅವರ ವಾದ. ಇನ್ನೊಂದು ಕಡೆ, ಪ್ರತಿ ಬಿಡ್ಡಿಗೂ ಕಟ್ಟುನಿಟ್ಟಾದ ಅರ್ಥ ಕೊಡುವ ಪದ್ಧತಿಯ ಈಲೈ ಕಲ್ಬರ್ಟ್‌ಸನ್. ಗೆದ್ದದ್ದು ಕಲ್ಬರ್ಟ್‌ಸನ್ ತಂಡ. ಪದ್ಧತಿ ಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಅದನ್ನು ಎದುರಾಳಿಗೆ ತಿಳಿಸುವುದು ಹೇಗೆ ಎಂಬ ಪ್ರಶ್ನೆ ಉಳಿದುಕೊಂಡಿತು.

ಎಕ್ಕ ಎಷ್ಟಿವೆ ಎಂದು ಕೇಳುವ ಬ್ಲ್ಯಾಕ್‌ವುಡ್, ನಾಲ್ಕೆಲೆಯ ಮೇಜರ್ (ಸ್ಪೇಡ್ ಅಥವಾ ಹಾರ್ಟ್) ಇದೆಯೇ ಎಂದು ಕೇಳುವ ಸ್ಟೇಮನ್, ಇಂಥ ಒಂದೆರಡು ಕೃತಕ (ಹೆಸರಿಸಿದ ಜಾತಿಯ ಎಲೆಗೆ ಸಂಬಂಧವಿಲ್ಲದ) ಬಿಡ್‌ಗಳಷ್ಟೇ ಇದ್ದಾಗ ಬಾಯಿಮಾತೇ ಸಾಕಿತ್ತು. ಇಟಲಿಯವರು ನೆಪೋಲಿಟನ್ ಕ್ಲಬ್, ರೋಮನ್ ಕ್ಲಬ್ ಎಂಬ ಪೂರ್ತಿ ಕೃತಕ ಪದ್ಧತಿಗಳೊಡನೆ ಬಂದು 1957ರಿಂದ 1969ರೊಳಗೆ ಬರ್ಮುಡಾ ಬೌಲ್ ವಿಶ್ವ ಪ್ರಶಸ್ತಿಯನ್ನು ಸತತವಾಗಿ ಹತ್ತು ಸಲ ಗೆದ್ದಾಗ ಚಿತ್ರ ಬದಲಾಯಿತು. 1969ರಲ್ಲಿ ಸಿ. ಸಿ. ವೀ ಅವರ ಪ್ರಿಸಿಷನ್ ಪದ್ಧತಿ ಹಿಡಿದ ತೈವಾನ್ ತಂಡ ಯಾರೂ ನಿರೀಕ್ಷಿಸದೆ ಫೈನಲ್ ತಲುಪಿತು. ಭಾರತದಲ್ಲಿ ಇಂದಿಗೂ ಪ್ರಿಸಿಷನ್ ಆಡುವ ಜೋಡಿಗಳಿಗೆ ಕೊರತೆಯಿಲ್ಲ. ಆಮೇಲೆ ಪೋಲೆಂಡ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಲವಾದ ಎಲೆ ಇದ್ದರೆ ಪಾಸ್, ಏನೂ ಇಲ್ಲದಿದ್ದರೆ ಬಿಡ್! ಇಂಥದ್ದನ್ನು ಸಿದ್ಧತೆಯಿಲ್ಲದೆ ಎದುರಿಸುವುದು ಸಾಧ್ಯವಿಲ್ಲವೆಂದು ವಿಶ್ವ ಬ್ರಿಡ್ಜ್ ಫೆಡರೇಷನ್ ಪದ್ಧತಿಗಳಿಗೆ ಹಸಿರು, ನೀಲಿ, ಕೆಂಪು, ಹಳದಿ ಎಂದು ಬಣ್ಣ ಹಚ್ಚಿ ವಿಂಗಡಿಸಿತು. ದೊಡ್ಡ ಪಂದ್ಯಗಳಿಗೆ ಕಾರ್ಡುಗಳನ್ನು ಮುಂಚಿತವಾಗಿಯೇ ಒಪ್ಪಿಸಬೇಕಾಯಿತು. ಕಂಪ್ಯೂಟರಿನಲ್ಲಿ ತುಂಬುವ ಕಾರ್ಡ್ ಎಡಿಟರ್ ಬಂತು, ವಿಶ್ವ ಚಾಂಪಿಯನ್‌ಷಿಪ್‌ಗೆ ಮುನ್ನ ಎಲ್ಲ ಜೋಡಿಗಳ ಕಾರ್ಡುಗಳೂ ಇಂಟರ್‌ನೆಟ್ಟಿನಲ್ಲಿ ಸಿಗತೊಡಗಿದವು. ಜಗತ್ತಿನ ಅತಿ ದೊಡ್ಡ ಆಟಗಾರರ ಒಪ್ಪಂದಗಳನ್ನು ಯಾರು ಬೇಕಾದರೂ ಓದಿ ಕಲಿಯುವ ಅವಕಾಶ ಹೀಗೆ ಹುಟ್ಟಿತು. ನನ್ನ ಮಟ್ಟಿಗೆ ಕಾರ್ಡುಗಳ ಇತಿಹಾಸದಲ್ಲಿ ಇದೇ ಅತ್ಯಂತ ಒಳ್ಳೆಯ ಸಂಗತಿ.

ಅತ್ತ ಅಮೆರಿಕದ ಒಕ್ಕೂಟ ಎಸಿಬಿಎಲ್‌ನದು ಮಡಚಿಡುವ ಕಾಗದದ ಕಾರ್ಡು. ಒಂದು ಮಗ್ಗುಲಲ್ಲಿ ಪುಟ್ಟ ಪುಟ್ಟ ಚೌಕಗಳು, ಇನ್ನೊಂದರಲ್ಲಿ ಅಂಕ ಬರೆದುಕೊಳ್ಳುವ ಜಾಗ. ಪಾರ್ಟ್ನರ್‌ಗಳಿಬ್ಬರೂ ಒಂದೇ ರೀತಿ ತುಂಬಿದ ಕಾರ್ಡ್ ಇಟ್ಟುಕೊಳ್ಳಬೇಕು. ಕೆಂಪಕ್ಷರದಲ್ಲಿದ್ದ ಬಿಡ್ ಬಂದರೆ ಎದುರಾಳಿಗಳನ್ನು ಎಚ್ಚರಿಸಲು ಪಾರ್ಟ್ನರ್ ‘ಅಲರ್ಟ್’ ಎನ್ನಬೇಕು. 1980ರ ದಶಕದಲ್ಲಿ ಇದೇ ಒಕ್ಕೂಟ, ಎಲ್ಲರೂ ಒಂದೇ ಪದ್ಧತಿ ಆಡುವ ಪಂದ್ಯಗಳಿಗೆಂದು ಮೊದಲೇ ತುಂಬಿದ ಕಾರ್ಡೊಂದನ್ನು ಹಳದಿ ಕಾಗದದಲ್ಲಿ ಮುದ್ರಿಸಿತು. ಅದೇ ಸ್ಟ್ಯಾಂಡರ್ಡ್ ಅಮೆರಿಕನ್ ಯೆಲ್ಲೊ ಕಾರ್ಡ್, ಎಸ್‌ಎವೈಸಿ. ಕ್ಲಬ್ಬುಗಳಲ್ಲಿ ಅದು ಅಷ್ಟೇನೂ ಬೇರು ಬಿಡಲಿಲ್ಲ. ಅದರ ಕಾಲ ಬಂದದ್ದು ಇಂಟರ್‌ನೆಟ್ಟಿನಲ್ಲಿ.

1990ರಲ್ಲಿ ಮ್ಯಾಥ್ಯೂ ಕ್ಲೆಗ್ ಕ್ಯಾಲಿಫೋರ್ನಿಯಾದಲ್ಲಿ ಓಕೆಬ್ರಿಡ್ಜ್ ಶುರುಮಾಡಿದಾಗ ತೆರೆಯ ಮೇಲೆ ಬರೀ ಅಕ್ಷರಗಳು. ನಾಲ್ಕು ಊರುಗಳಲ್ಲಿ ಕೂತ ನಾಲ್ವರಿಗೆ ಕಾರ್ಡ್ ಅದಲುಬದಲು ಮಾಡಿಕೊಳ್ಳಲು ಮೇಜೇ ಇಲ್ಲ. ಹೆಸರು ಹೇಳಿದೊಡನೆ ಇಡೀ ಒಪ್ಪಂದ ಅರ್ಥವಾಗುವಂಥದ್ದೊಂದು ಬೇಕಿತ್ತು. ಎಸ್‌ಎವೈಸಿ ಸಿದ್ಧವಾಗಿತ್ತು: ಮೇಜರ್ ತೆರೆಯಲು (ಮೊದಲ ಬಿಡ್ಡಾಗಿ ಹೇಳಲು) ಐದು ಎಲೆ, ನೋಟ್ರಂಪ್ 15–17, ವೀಕ್ ಟೂ (ದುರ್ಬಲ ಕೈಯಿಂದ ಎರಡರ ಬಿಡ್), ಟ್ರಾನ್ಸ್‌ಫರ್ (ಪಾರ್ಟ್ನರ್ ಮುಂದಿನ ಜಾತಿ ಹೇಳಲೆಂದು ಮಾಡುವ ಬಿಡ್). ಅದರ ಕಿರುಹೊತ್ತಗೆ ಕೆಲವೇ ಪುಟದ್ದು. ಆದರೆ ಹೆಸರು ಹರಡಿದಷ್ಟು ವಿವರ ಹರಡಲಿಲ್ಲ. ಮೂಲ ಕಾರ್ಡಿನಲ್ಲಿರುವುದು ಹಳೆಯ ಬ್ಲ್ಯಾಕ್‌ವುಡ್. ಇಂದು ಎಸ್‌ಎವೈಸಿ ಎಂದು ಟೈಪ್ ಮಾಡುವ ಎಷ್ಟೋ ಜನ ತುರುಪಿನ ರಾಜನನ್ನೂ ಎಣಿಸುವ ಕೀ ಕಾರ್ಡ್ ಬ್ಲ್ಯಾಕ್‌ವುಡ್ಡೇ ಅದರಲ್ಲಿದೆ ಎಂದುಕೊಂಡಿರುತ್ತಾರೆ.

ಅಲರ್ಟ್ ಮಾಡುವ ಕ್ರಮವಂತೂ ತಲೆಕೆಳಗಾಯಿತು, ಅದೂ ಒಳ್ಳೆಯದಕ್ಕೇ. ಮೇಜಿನಲ್ಲಿ ನಿಮ್ಮ ಬಿಡ್ಡನ್ನು ವಿವರಿಸುವವರು ನಿಮ್ಮ ಪಾರ್ಟ್ನರ್. ಅವರ ವಿವರಣೆ ನಿಮ್ಮ ಕಿವಿಗೂ ಬೀಳುವುದರಿಂದ, ತಪ್ಪು ತಿಳಿದಿದ್ದರೆ ನಿಮಗೆ ಗೊತ್ತಾಗಿಬಿಡುತ್ತದೆ. ಹಾಗೆ ಗೊತ್ತಾದದ್ದನ್ನು ಬಳಸುವಂತಿಲ್ಲ, ಮರೆಯುವುದೂ ಆಗದು. 1975ರ ಬರ್ಮುಡಾ ಬೌಲ್‌ನಲ್ಲಿ ಮೇಜಿನ ಅಡ್ಡಕ್ಕೆ ಮೊದಲ ಬಾರಿಗೆ ಪರದೆ ಬಂತು. ಪರದೆಯ ಒಂದೇ ಬದಿಯಲ್ಲಿ ಕೂತ ಎದುರಾಳಿಗೆ ಆಟಗಾರ ತನ್ನ ಬಿಡ್ಡನ್ನು ತಾನೇ ವಿವರಿಸುವ ಕ್ರಮ ಅಲ್ಲಿಂದ ಬೆಳೆಯಿತು. ಆನ್‌ಲೈನ್ ಟೇಬಲ್ ಅಂದರೆ ಎಲ್ಲರ ನಡುವೆಯೂ ಪರದೆ. ಬಿಡ್ ಮಾಡಿದವರೇ ಅರ್ಥ ಟೈಪ್ ಮಾಡುತ್ತಾರೆ, ಎದುರಾಳಿಗಳಿಬ್ಬರಿಗೂ ಕಾಣುತ್ತದೆ, ಪಾರ್ಟ್ನರ್‌ಗೆ ಕಾಣುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನವರಿಗೆ ಮಾತ್ರ ಸಿಗುತ್ತಿದ್ದ ಈ ಸೌಲಭ್ಯ ಮನೆಯಲ್ಲಿ ಕೂತು ಆಡುವವರಿಗೂ ಸಿಕ್ಕಿತು.

ಆದರೆ ಅದರೊಳಗೊಂದು ತೊಡಕಿದೆ. ಎದುರಾಳಿಗೆ ಹಕ್ಕಿರುವುದು ಒಪ್ಪಂದ ತಿಳಿಯಲು, ನಿಮ್ಮ ಎಲೆ ತಿಳಿಯಲು ಅಲ್ಲ. ಒಪ್ಪಂದ ಮರೆತು ಬಿಡ್ ಮಾಡಿದವರು ಆನ್‌ಲೈನ್‌ನಲ್ಲಿ ತಮ್ಮ ಕೈಯಲ್ಲಿರುವುದನ್ನೇ ವಿವರಿಸಿಬಿಡುತ್ತಾರೆ, ಪಾರ್ಟ್ನರ್ ಅದೇ ಬಿಡ್ಡಿಗೆ ಬೇರೆ ಅರ್ಥ ಹಿಡಿದು ಆಡುತ್ತಾರೆ. ಎದುರಾಳಿಗಳು ಡೈರೆಕ್ಟರನ್ನು (ಪಂದ್ಯದ ತೀರ್ಪುಗಾರರನ್ನು) ಕರೆದರೆ ಮೊದಲ ಪ್ರಶ್ನೆ: ಬಿಡ್ ತಪ್ಪೋ, ವಿವರಣೆ ತಪ್ಪೋ? ಬಿಡ್ ಮಾತ್ರ ತಪ್ಪಾಗಿದ್ದರೆ ದಂಡನೆಯಿಲ್ಲ, ಮರೆಯುವುದು ಅಪರಾಧವಲ್ಲ. ವಿವರಣೆ ತಪ್ಪಾಗಿದ್ದು ಅದರಿಂದ ಎದುರಾಳಿಗೆ ನಷ್ಟವಾಗಿದ್ದರೆ ಅಂಕ ತಿದ್ದಬಹುದು. ಬೇರೆ ಸಾಕ್ಷ್ಯವಿಲ್ಲದಿದ್ದರೆ ವಿವರಣೆಯೇ ತಪ್ಪೆಂದು ಭಾವಿಸಬೇಕು ಎನ್ನುತ್ತದೆ ನಿಯಮ. ಇಲ್ಲಿ ಸಾಕ್ಷ್ಯ ಎಂದರೆ ಬಹಳ ಮಟ್ಟಿಗೆ ಕಾರ್ಡು. ಕಾರ್ಡೇ ಇಲ್ಲದೆ ಕೂತವರು ತಮ್ಮ ಪರವಾಗಿ ಏನನ್ನೂ ತೋರಿಸಲಾರರು. ಕಾರ್ಡ್ ತುಂಬುವುದು ಬರೀ ಶಿಷ್ಟಾಚಾರ ಎಂದುಕೊಂಡವರು ಈ ಒಂದು ನಿಯಮವನ್ನಾದರೂ ಓದಬೇಕು.

ಒಳ್ಳೆಯ ಉಪಾಯವೊಂದು ಸಿಕ್ಕಿತ್ತು ಎಂದೆನಲ್ಲ, ಅದು ಬಂದದ್ದು ಫ್ರೆಡ್ ಗಿಟೆಲ್‌ಮನ್ 2001ರಲ್ಲಿ ಆರಂಭಿಸಿದ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ, ಎಂದರೆ ಬಿಬಿಒದಲ್ಲಿ. ಆ ದಶಕದ ಮಧ್ಯದಲ್ಲಿ ಅದರ ವಿಂಡೋಸ್ ಪ್ರೋಗ್ರಾಮಿನೊಳಗೆ ‘ಫುಲ್ ಡಿಸ್ಕ್ಲೋಷರ್’ ಎಂಬ ಸಾಧನ ಸೇರಿತು. ಚೌಕಗಳ ಕಾರ್ಡಿನ ಬದಲು ಇಲ್ಲಿ ಬಿಡ್ಡಿಂಗ್ ಕವಲೊಡೆಯುತ್ತ ಹೋಗುತ್ತದೆ. ಒಂದು ಸ್ಪೇಡ್ ಎಂದರೆ ಏನು, ಅದಕ್ಕೆ ಎರಡು ನೋಟ್ರಂಪ್ ಎಂದರೆ ಏನು, ಆಮೇಲೆ ಮೂರು ಕ್ಲಬ್ ಎಂದರೆ? ಪ್ರತಿ ಕವಲಿಗೂ ಎಲೆಗಳ ಸಂಖ್ಯೆ, ಬಿಡ್ ಕೃತಕವೇ ಸಹಜವೇ, ಒಂದು ಸಾಲು ವಿವರಣೆ. ಯಾವ ಸರದಿಯಲ್ಲಿ ತೆರೆದದ್ದು, ವಲ್ನರಬಲ್ (ಸೋತರೆ ದಂಡ ಹೆಚ್ಚಿರುವ ಸ್ಥಿತಿ) ಇದ್ದಾಗಲೋ ಇಲ್ಲದಾಗಲೋ ಎಂಬುದಕ್ಕೂ ಬೇರೆಬೇರೆ ಅರ್ಥ ಕೊಡಬಹುದಿತ್ತು. ಎಲ್ಲವೂ ಬಿಎಸ್‌ಎಸ್ ಎಂಬ ಪುಟ್ಟ ಫೈಲಿನಲ್ಲಿ. ಪಾರ್ಟ್ನರ್‌ಗಳಲ್ಲೊಬ್ಬರು ಟೇಬಲ್ಲಿನಲ್ಲಿ ಅದನ್ನು ಲೋಡ್ ಮಾಡಿದರೆ ಸಾಕು, ಬಿಡ್ ಮಾಡಿದ ಕ್ಷಣಕ್ಕೆ ಅದರ ಅರ್ಥ ಎದುರಾಳಿಗಳ ತೆರೆಯ ಮೇಲೆ ತಾನಾಗಿ ಮೂಡುತ್ತಿತ್ತು. ಯಾರೂ ಕೇಳಬೇಕಿಲ್ಲ, ಯಾರೂ ಟೈಪ್ ಮಾಡಬೇಕಿಲ್ಲ. ಟರ್ಕಿಯವರು, ಪೋಲೆಂಡಿನವರು, ಭಾರತದವರು ಕೂತ ಟೇಬಲ್ಲಿನಲ್ಲಿ ಇಂಗ್ಲಿಷ್ ಅಷ್ಟಾಗಿ ಬರದವರೂ ‘5’, ‘15–17’ ಎಂಬ ಅಂಕಿ ಓದಬಲ್ಲರು. ಎದುರಾಳಿಗೆ ಒಪ್ಪಂದ ತಿಳಿಯಬೇಕೆಂಬ ಆಶಯಕ್ಕೆ ತಂತ್ರಜ್ಞಾನ ಇದಕ್ಕಿಂತ ಹತ್ತಿರ ಬಂದದ್ದನ್ನು ನಾನು ಕಂಡಿಲ್ಲ.

ಫೈಲ್ ಆದ್ದರಿಂದ ಹಂಚಿಕೊಳ್ಳುವುದೂ ಸುಲಭವಾಗಿತ್ತು. ಎಸ್‌ಎವೈಸಿ, ಟೂ ಓವರ್ ಒನ್, ಆ್ಯಕಲ್‌ಗಳ ಸಿದ್ಧ ಫೈಲುಗಳನ್ನು ಇಳಿಸಿಕೊಂಡು ತಮಗೆ ಬೇಕಾದಲ್ಲಿ ಮಾತ್ರ ತಿದ್ದಿಕೊಂಡು ಇಮೇಲಿನಲ್ಲಿ ಪಾರ್ಟ್ನರ್‌ಗೆ ಕಳಿಸುವ ರೂಢಿ ಬೆಳೆಯಿತು. ಒಂದು ಜೋಡಿಯ ಶ್ರಮ ಇನ್ನೊಂದು ಜೋಡಿಗೆ ಒದಗುತ್ತಿತ್ತು.

ಹಾಗಿದ್ದೂ ಅದು ಬಾಳಲಿಲ್ಲ. ಅದು ವಿಂಡೋಸ್ ಪ್ರೋಗ್ರಾಮಿಗೆ ಅಂಟಿಕೊಂಡಿತ್ತು. ಬಿಬಿಒ ಮೊದಲು ಫ್ಲ್ಯಾಷ್ ಆಧಾರಿತ ವೆಬ್ ರೂಪಕ್ಕೆ, ಮುಂದೆ ಬ್ರೌಸರಿನ ಹೊಸ ರೂಪಕ್ಕೆ ಸರಿದಾಗ ಫುಲ್ ಡಿಸ್ಕ್ಲೋಷರ್ ಜೊತೆಗೆ ಬರಲಿಲ್ಲ. ಅಷ್ಟೇ ಮುಖ್ಯವಾದದ್ದು ಬರೆಯುವ ಕಷ್ಟ. ಎದುರಾಳಿಗಳು ಸುಮ್ಮನಿದ್ದರೆ ಕವಲುಗಳು ಹೇಗೋ ಮುಗಿಯುತ್ತವೆ. ಅವರು ನಡುವೆ ಬಾಯಿ ಹಾಕಿದರೆ ಒಂದೊಂದು ಕವಲೂ ಹತ್ತಾಗುತ್ತದೆ. ಪರಿಶ್ರಮಿ ಜೋಡಿಗಳು ತಿಂಗಳುಗಟ್ಟಲೆ ಕೂತು ಬರೆದರು, ಉಳಿದವರು ಎರಡನೇ ಬಿಡ್ಡಿಗೇ ನಿಲ್ಲಿಸಿದರು.

ಈಗ ಬಿಬಿಒದಲ್ಲಿರುವುದು ಮತ್ತೆ ಚೌಕಗಳ ಫಾರ್ಮು. ಖಾತೆಯಲ್ಲಿ ತುಂಬಿ ಪಾರ್ಟ್ನರ್‌ನ ಬಳಕೆಹೆಸರು ಸೇರಿಸಿಟ್ಟರೆ, ಇಬ್ಬರೂ ಒಟ್ಟಿಗೆ ಕೂತಾಗ ಕಾರ್ಡ್ ಸಿಗುತ್ತದೆ. ಎದುರಾಳಿಗಳು ಅದನ್ನು ತೆರೆದು ಹುಡುಕಿಕೊಳ್ಳಬೇಕು. ಅದೇ ಟೇಬಲ್ಲಿನಲ್ಲಿ ರೋಬಾಟ್ ಆಡುತ್ತಿದ್ದರೆ ಅದರ ಯಾವ ಬಿಡ್ ಮೇಲೆ ಮೌಸ್ ಇಟ್ಟರೂ ಪಾಯಿಂಟ್ ಎಷ್ಟು, ಎಲೆ ಎಷ್ಟು ಎಂದು ವಿವರ ಬರುತ್ತದೆ. ಯಂತ್ರದಿಂದ ನಾವು ಪಡೆಯುವಷ್ಟು ಮಾಹಿತಿಯನ್ನು ಮನುಷ್ಯರಿಂದ ಪಡೆಯುತ್ತಿಲ್ಲ. ಇದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

2020ರ ಲಾಕ್‌ಡೌನ್ ಇದನ್ನು ಎತ್ತಿ ತೋರಿಸಿತು. ಕ್ಲಬ್ಬುಗಳು ಮುಚ್ಚಿದವು, ನಮ್ಮ ದೇಶದ ಪಂದ್ಯಗಳೂ ಸೇರಿ ಎಲ್ಲ ಕಡೆಯ ಪಂದ್ಯಗಳು ಆನ್‌ಲೈನ್‌ಗೆ ಬಂದವು. ದಶಕಗಳಿಂದ ಒಟ್ಟಿಗೆ ಆಡಿದ ಹಿರಿಯ ಜೋಡಿಗಳ ಕಾಗದದ ಕಾರ್ಡುಗಳು ಕಪಾಟಿನಲ್ಲೇ ಉಳಿದವು. ಫಾರ್ಮ್ ತುಂಬುವುದು ಹೇಗೆಂದು ಮೊಮ್ಮಕ್ಕಳನ್ನು ಕೇಳಬೇಕಾಯಿತು. ಅದೇ ವರ್ಷ ವಿಡಿಯೊ ಸಮೇತ ಬಂದ ರಿಯಲ್‌ಬ್ರಿಡ್ಜ್‌ನಂಥ ಹೊಸ ವೇದಿಕೆಗಳಿಗೆ ಹೋದರೆ, ಒಂದು ಕಡೆ ತುಂಬಿದ ಕಾರ್ಡ್ ಇನ್ನೊಂದು ಕಡೆ ಹಾಗೆಯೇ ನಡೆಯುವುದಿಲ್ಲ.

ಆಡಿದ ಎಲೆಗಳ ವಿಷಯದಲ್ಲಿ ಈ ತೊಂದರೆಯಿಲ್ಲ. ಹಂಚಿಕೆ, ಬಿಡ್ಡಿಂಗ್, ಆಟ ಇಷ್ಟನ್ನೂ ಬರೆದಿಡಲು 1990ರ ದಶಕದಿಂದಲೇ ಪಿಬಿಎನ್ ಎಂಬ ಸಾಮಾನ್ಯ ರೂಪ ಇದೆ, ಬೇರೆಬೇರೆ ತಂತ್ರಾಂಶಗಳು ಅದನ್ನು ಓದುತ್ತವೆ. ಅದರಲ್ಲಿ ಬಿಡ್ಡಿಂಗ್ ಪದ್ಧತಿಗೂ ಒಂದು ಜಾಗ ಉಂಟು, ಆದರೆ ಅಲ್ಲಿ ಬರೆಯುವುದು ಬರೀ ಹೆಸರನ್ನು. ಒಪ್ಪಂದದ ಒಳವಿವರವನ್ನು ಬರೆದಿಡುವ ಸಾಮಾನ್ಯ ರೂಪವನ್ನು ಯಾವ ಒಕ್ಕೂಟವೂ ಗೊತ್ತುಮಾಡಿ ಎಲ್ಲರೂ ಬಳಸುವಂತೆ ಮಾಡಿಲ್ಲ. ಕೆಲವು ಆಟಗಾರ-ಪ್ರೋಗ್ರಾಮರ್‌ಗಳು ತಾವಾಗಿ ಬಿಎಂಎಲ್ ಎಂಬ ಸರಳ ಬರವಣಿಗೆಯ ಕ್ರಮ ರೂಪಿಸಿದ್ದಾರೆ. ಸಾದಾ ಪಠ್ಯದಲ್ಲಿ ಬಿಡ್ ಮತ್ತು ಅರ್ಥವನ್ನು ಬರೆಯುತ್ತ ಹೋದರೆ ಅದರಿಂದ ವೆಬ್ ಪುಟ, ಅಚ್ಚಿಗೆ ಸಿದ್ಧವಾದ ಪುಸ್ತಕ, ಹಳೆಯ ಬಿಎಸ್‌ಎಸ್ ಫೈಲ್ ಮೂರನ್ನೂ ತೆಗೆಯಬಹುದು. ಇಬ್ಬರೂ ತಿದ್ದಬಹುದು, ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಏನು ವ್ಯತ್ಯಾಸ ಎಂದು ಹೋಲಿಸಬಹುದು. ಆಡುವ ಸೈಟುಗಳು ಮತ್ತು ಒಕ್ಕೂಟಗಳು ಇಂಥದ್ದೊಂದನ್ನು ಒಪ್ಪಿಕೊಂಡರೆ ಫುಲ್ ಡಿಸ್ಕ್ಲೋಷರ್ ಕೊಟ್ಟಿದ್ದೆಲ್ಲವೂ ಮತ್ತೆ ಸಿಗುತ್ತದೆ, ಒಂದು ಕಂಪನಿಯ ಪ್ರೋಗ್ರಾಮಿನ ಆಯುಷ್ಯಕ್ಕೆ ಕಟ್ಟುಬೀಳದೆ. ಸದ್ಯಕ್ಕೆ ಬಿಎಂಎಲ್‌ನಲ್ಲಿ ನೂರು ಪುಟ ಬರೆದಿಟ್ಟ ಜೋಡಿಯೂ ಸೈಟಿನ ಫಾರ್ಮಿಗೆ ಬಂದಾಗ ಒಂದೊಂದೇ ಚೌಕವನ್ನು ಕೈಯಾರೆ ತುಂಬಬೇಕು.