ಹಳೆಯ ವೈನು: ಚೆಂದ ಕಂಡಷ್ಟೂ ಅನುಮಾನ

ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಯೊಂದರ ಅಟ್ಟದ ಮೇಲೆ ತಗಡಿನ ಟ್ರಂಕು, ಅದರೊಳಗೆ ಪೇಪರು ಸುತ್ತಿಟ್ಟ, ಬ್ರಾಂದಿ ಬೆರೆಸಿದ ಪೋರ್ಟ್ ವೈನಿನ ಬಾಟಲಿ ಸಿಕ್ಕಿತು ಎನ್ನಿ. ಲೇಬಲ್ಲಿನ ಮೇಲೆ 1955. ಗೋವಾದಿಂದ ಅಜ್ಜ ತಂದದ್ದು ಎಂದು ಮನೆಯವರ ಮಾತು. ಇದು ಖರೆ ಆ ಕಾಲದ್ದೇ? ಈಗ ಕುಡಿಯಲು ಬರುತ್ತದೆಯೇ? ಪ್ರಶ್ನೆ ಎರಡು, ಆದರೆ ಹೆಚ್ಚಿನವರು ಒಂದೇ ಉತ್ತರ ಹೇಳಿ ಮುಗಿಸುತ್ತಾರೆ: ಬಾಟಲಿ ಬಿರಡೆಯವರೆಗೆ ತುಂಬಿದೆ, ಬಣ್ಣ ಕೆಂಪಗಿದೆ, ಲೇಬಲ್ಲು ಹೊಸದರಂತಿದೆ, ಅಂದಮೇಲೆ ಅಸಲಿ, ಕುಡಿಯಲೂ ಅಡ್ಡಿಯಿಲ್ಲ. ನಮ್ಮ ಸೀಮೆಯ ಬಿಸಿಲಿಗೆ ಈ ಲೆಕ್ಕ ಉಲ್ಟಾ. ಎಪ್ಪತ್ತು ಬೇಸಿಗೆ ಇಲ್ಲಿಯ ಅಟ್ಟದಲ್ಲಿ ಕಳೆದ ಬಾಟಲಿ ಹಾಗೆ ಕಂಡರೆ ಅನುಮಾನ ಅಲ್ಲಿಂದಲೇ ಶುರುವಾಗಬೇಕು.

ಯಾಕೆಂದು ನೋಡಿ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. 20 ಡಿಗ್ರಿಯಲ್ಲಿದ್ದ 750 ಮಿಲಿ ವೈನು 40ಕ್ಕೆ ಏರಿದರೆ ಐದಾರು ಮಿಲಿ ಹಿಗ್ಗುತ್ತದೆ. ಬಾಟಲಿ ಕತ್ತಿನ ಒಳವ್ಯಾಸ ಸುಮಾರು 18.5 ಮಿ.ಮೀ. ಬಿರಡೆಗೂ ವೈನಿಗೂ ನಡುವೆ ಒಂದೂವರೆ ಸೆಂಟಿಮೀಟರು ಜಾಗ ಬಿಟ್ಟಿದ್ದರೆ ಅದರಲ್ಲಿ ಹಿಡಿಯುವುದು ನಾಲ್ಕೇ ಮಿಲಿ. ಜಾಗ ಸಾಲದ ವೈನು ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಇಲ್ಲವೇ ಪಕ್ಕದಿಂದ ಜಿನುಗುತ್ತದೆ. ರಾತ್ರಿ ತಂಪಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಬೇಸಿಗೆ ಮುಗಿಯುವವರೆಗೆ ದಿನವೂ ಇದೇ ಉಸಿರಾಟ. ಹೀಗೆ ಬಾಳಿದ ಬಾಟಲಿಯ ಬಿರಡೆ ಒಂದೆರಡು ಮಿ.ಮೀ. ಉಬ್ಬಿರುತ್ತದೆ, ಮುಚ್ಚಳದ ಹಾಳೆಯ ಕೆಳಗೆ ಅಂಟು ಅಂಟಾದ ಕಲೆ ಇರುತ್ತದೆ, ವೈನಿನ ಮಟ್ಟ ಇಳಿದಿರುತ್ತದೆ.

ನೆಲದಡಿಯ ಕಣಜ ಹಗೇವಿನಲ್ಲಿ ಇಟ್ಟಿದ್ದರೆ? ಜೋಳ ಕೆಡದಂತೆ ಕಾಯುವ ಹಗೇವು ವೈನನ್ನೂ ಕಾಯಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅರ್ಧ ಮಾತ್ರ ನಿಜ. ಕೆಲವು ಮೀಟರು ಆಳದಲ್ಲಿ ನೆಲದ ತಾಪಮಾನ ಆ ಊರಿನ ಇಡೀ ವರ್ಷದ ಸರಾಸರಿಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಅದು 13-14 ಡಿಗ್ರಿ, ವೈನಿಗೆ ಹೇಳಿ ಮಾಡಿಸಿದ್ದು. ವಿಜಯಪುರದಲ್ಲಿ 26ರ ಆಸುಪಾಸು. ದಿನದ ಏರಿಳಿತವಿಲ್ಲ, ಬಿರಡೆಯ ಉಸಿರಾಟ ನಿಲ್ಲುತ್ತದೆ, ಅದು ಲಾಭವೇ. ಆದರೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿ. ಅಲ್ಲಿಯ ನೆಲಮಾಳಿಗೆಗಿಂತ ಇಲ್ಲಿಯ ಹಗೇವಿನಲ್ಲಿ ವೈನಿಗೆ ಎರಡು-ಎರಡೂವರೆ ಪಟ್ಟು ಬೇಗ ವಯಸ್ಸಾಗುತ್ತದೆ.

ಆದ್ದರಿಂದ ಮೊದಲು ನೋಡಬೇಕಾದ್ದು ಮಟ್ಟ. ಭುಜ ಎದ್ದುಕಾಣುವ ಬೋರ್ಡೋ ಮಾದರಿಯ ಬಾಟಲಿಯಲ್ಲಿ, ತಂಪಿನಲ್ಲೇ ಇದ್ದರೂ ನಲವತ್ತು ವರ್ಷಕ್ಕೆ ವೈನು ಭುಜದ ಮೇಲ್ಭಾಗಕ್ಕೆ ಇಳಿದಿರುವುದು ಸಹಜ. ಭುಜದ ನಡುವಿಗಿಂತ ಕೆಳಗಿದ್ದರೆ ಕುಡಿಯುವ ಆಸೆ ಕಡಿಮೆ ಮಾಡಿಕೊಳ್ಳಿ. 1945ರ ಬಾಟಲಿ ಕತ್ತಿನವರೆಗೆ ತುಂಬಿದ್ದರೆ, ತಯಾರಕರೇ ಮುಂದೆ ಬಿರಡೆ ಬದಲಿಸಿ ತುಂಬಿಸಿರಬೇಕು. ಹಾಗೆ ಮಾಡಿದವರು ಸಾಮಾನ್ಯವಾಗಿ ಬಿರಡೆಯ ಮೇಲೋ ಲೇಬಲ್ಲಿನ ಮೇಲೋ ನಮೂದಿಸುತ್ತಾರೆ. ನಮೂದಿಲ್ಲದ ತುಂಬು ಬಾಟಲಿಯನ್ನು ನಂಬುವುದು ಕಷ್ಟ.

ಇನ್ನು ಲೇಬಲ್ಲು. ಖೋಟಾ ಮಾಡುವವರು ರುಚಿಯಲ್ಲಿ ಸಿಕ್ಕಿಬೀಳುವುದು ಅಪರೂಪ, ಇಸವಿಯಲ್ಲಿ ಸಿಕ್ಕಿಬೀಳುತ್ತಾರೆ. 2008ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಫ್ರಾನ್ಸಿನ ಬರ್ಗಂಡಿಯ ಪೋನ್ಸೋ ಮನೆತನದ ‘ಕ್ಲೋ ಸೇನ್ ದೆನೀ’ ತೋಟದ ವೈನುಗಳು ಬಂದವು, ಲೇಬಲ್ಲಿನ ಮೇಲೆ 1945ರಿಂದ 1971ರವರೆಗಿನ ಇಸವಿಗಳು. ಆ ಮನೆತನ ಆ ತೋಟದ ವೈನು ಮಾಡಲು ಶುರುಮಾಡಿದ್ದೇ 1982ರಲ್ಲಿ! ಬಾಟಲಿಗಳನ್ನು ಕೊಟ್ಟಿದ್ದ ರೂಡಿ ಕುರ್ನಿಯಾವನ್ 2013ರಲ್ಲಿ ತಪ್ಪಿತಸ್ಥನೆಂದು ಸಾಬೀತಾಗಿ, ಮರುವರ್ಷ ಹತ್ತು ವರ್ಷ ಜೈಲು ಶಿಕ್ಷೆಗೆ ಗುರಿಯಾದ.

ನಮ್ಮ ಟ್ರಂಕಿನ ಬಾಟಲಿಗೂ ಇದೇ ವಿದ್ಯೆ ಸಾಕು. ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರದು. 1955ರದ್ದೆನ್ನುವ ಚೀಟಿಯ ಮೇಲೆ ‘ಗೋವಾ, ಇಂಡಿಯಾ’ ಎಂದಿದ್ದರೆ ಆ ಚೀಟಿ ಆಮೇಲಿನದು. ಮಾರಿದವರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಕರ್ನಾಟಕ’ ಎಂದಿದ್ದರೆ 1973ರ ನವೆಂಬರ್ ನಂತರ, ‘ಮುಂಬೈ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಬಹುತೇಕ 1995ರ ನಂತರ, ‘ವಿಜಯಪುರ’ ಎಂದಿದ್ದರೆ 2014ರ ನಂತರ. ಬಾರ್‌ಕೋಡ್ ಅಂಗಡಿಯಲ್ಲಿ ಮೊದಲು ಬಳಕೆಗೆ ಬಂದದ್ದೇ 1974ರಲ್ಲಿ, ಅದೂ ಅಮೆರಿಕದಲ್ಲಿ. ಪೋರ್ಟಿಗೆ 1955 ಹೆಸರಾದ ವರ್ಷವೆಂಬುದನ್ನೂ ಮರೆಯಬೇಡಿ. ಹೆಸರಾದ ವರ್ಷವನ್ನೇ ಖೋಟಾದವರೂ ಆರಿಸಿಕೊಳ್ಳುತ್ತಾರೆ.

ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಕತ್ತಲೆಯಲ್ಲಿ ಲೇಬಲ್ಲಿನ ಮೇಲೆ ಬಿಡಿ. ಕಾಗದವನ್ನು ಬೆಳ್ಳಗೆ ಕಾಣಿಸುವ ಹೊಳಪುಕಾರಕ ರಾಸಾಯನಿಕಗಳು ರೂಢಿಗೆ ಬಂದದ್ದು 1950ರ ದಶಕದಿಂದ ಈಚೆಗೆ. 1930ರ ಲೇಬಲ್ಲು ಮಂಕಾಗಿಯೇ ಇರಬೇಕು, ನೀಲಿಬಿಳುಪಾಗಿ ಉರಿದರೆ ಕಾಗದ ಹೊಸದು. ಬಳಿಕ ಪತ್ತಾರರ ಹತ್ತು ಪಟ್ಟಿನ ಮಸೂರ ಹಿಡಿಯಿರಿ. ಹಳೆಯ ಅಚ್ಚುಮೊಳೆ ಅಕ್ಷರದ ಅಂಚಿನಲ್ಲಿ ಶಾಯಿ ಒತ್ತಿ ಹೊರಚಾಚಿರುತ್ತದೆ, ಕಾಗದ ತುಸು ತಗ್ಗಾಗಿರುತ್ತದೆ. ಕಂಪ್ಯೂಟರ್ ಪ್ರಿಂಟಿನಲ್ಲಿ ಬಣ್ಣಬಣ್ಣದ ಚುಕ್ಕೆ ಹರಡಿರುತ್ತವೆ. ಚಹಾದಲ್ಲಿ ಅದ್ದಿ ಹಳತು ಮಾಡಿದ ಕಾಗದ ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತದೆ. ಖರೆ ವಯಸ್ಸಾದದ್ದು ಒಂದೇ ಸಮ ಇರುವುದಿಲ್ಲ: ಕೈ ತಾಗಿದಲ್ಲಿ ಸವೆದು, ತೇವ ಹತ್ತಿದಲ್ಲಿ ಕಲೆಯ ಅಂಚು ಗೆರೆಯಾಗಿ, ಮೂಲೆಯಲ್ಲಿ ಹುಳು ತಿಂದಿರುತ್ತದೆ.

ಲಕ್ಷಗಟ್ಟಲೆ ಬೆಲೆಯ ಬಾಟಲಿಗಾದರೆ ಪ್ರಯೋಗಾಲಯವಿದೆ. ಬೋರ್ಡೋದ ಭೌತವಿಜ್ಞಾನಿ ಫಿಲಿಪ್ ಹ್ಯೂಬರ್ಟ್ ಬಾಟಲಿಯನ್ನು ತೆರೆಯದೆ, ಒಳಗಿನ ಸೀಸಿಯಂ-137 ಹೊಮ್ಮಿಸುವ ಗಾಮಾ ಕಿರಣವನ್ನು ಅಳೆಯುವ ವಿಧಾನ ರೂಪಿಸಿದರು. ಪರಮಾಣು ಬಾಂಬುಗಳಿಗೆ ಮೊದಲು, ಅಂದರೆ 1945ಕ್ಕೆ ಮೊದಲು, ಈ ಧಾತು ದ್ರಾಕ್ಷಿತೋಟಗಳ ಗಾಳಿಯಲ್ಲೇ ಇರಲಿಲ್ಲ. 1930ರ ವೈನಿನಲ್ಲಿ ಅದು ಕಂಡರೆ ವಾದ ಮುಗಿದಂತೆ.

ಕುಡಿಯುವ ಪ್ರಶ್ನೆಗೆ ಬರೋಣ. ಹಳೆಯ ವೈನಿನಲ್ಲಿ ಹುಳಿ, ಮದ್ಯಸಾರ ಎರಡೂ ಇರುವುದರಿಂದ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹಳತಾಯಿತೆಂದು ವೈನು ವಿಷವಾಗುವುದಿಲ್ಲ, ಕೆಟ್ಟ ರುಚಿಯದಾಗುತ್ತದೆ ಅಷ್ಟೆ. ಅಪಾಯ ಎರಡು ಕಡೆಯಿಂದ. ಒಂದು, ಮರುತುಂಬಿಸಿದ ಬಾಟಲಿ. ಒಳಗೆ ಏನಿದೆಯೋ, ಮೆಥನಾಲ್ ಕಣ್ಣನ್ನೂ ಜೀವವನ್ನೂ ತೆಗೆಯಬಲ್ಲದು. ಆದ್ದರಿಂದ ಬಿರಡೆಯ ನಡುವೆ ಹಿಂದೆ ತಿರುಪು ಚುಚ್ಚಿದ ತೂತು ಕಂಡರೆ ರುಚಿ ನೋಡುವ ಮಾತೇ ಬೇಡ. ಇನ್ನೊಂದು ಸೀಸ. ಹಳೆಯ ಬಾಟಲಿಗಳ ಮುಚ್ಚಳದ ಹಾಳೆ ಸೀಸದ್ದು, ಅಮೆರಿಕ ಅದನ್ನು ನಿಷೇಧಿಸಿದ್ದು 1996ರಲ್ಲಿ. ಬಾಯಿಯ ಸುತ್ತ ಬಿಳಿ ಪುಡಿ ಇದ್ದರೆ ನಿಂಬೆರಸದಲ್ಲಿ ಅದ್ದಿದ ಬಟ್ಟೆಯಿಂದ ಚೆನ್ನಾಗಿ ಒರೆಸಿ ಮುಂದುವರಿಯಿರಿ.

ತೆರೆಯುವ ಎರಡು ದಿನ ಮೊದಲು ಬಾಟಲಿಯನ್ನು ನಿಲ್ಲಿಸಿಡಿ, ಗಷ್ಟು ತಳಕ್ಕೆ ಇಳಿಯಲಿ. ಗಾಜಿನ ಚೂರಿನಂತೆ ಹೊಳೆಯುವ ಹರಳು ಕಂಡರೆ ಹೆದರಬೇಡಿ, ಅದು ಟಾರ್ಟಾರಿಕ್ ಆಮ್ಲದ ಲವಣ. ಹುಣಸೆಹಣ್ಣಿನ ಹುಳಿಯೂ ಇದೇ ಆಮ್ಲದ್ದು. ಹಳೆಯ ಬಿರಡೆಗೆ ತಿರುಪು ಹಾಕಿದರೆ ನಡುವೆ ಪುಡಿಯಾಗಿ ಒಳಗೆ ಬೀಳುತ್ತದೆ. ಎರಡು ತೆಳು ಪಟ್ಟಿಗಳ ಚಿಮಟವನ್ನು ಬಿರಡೆಯ ಎರಡು ಬದಿಗೆ ಇಳಿಸಿ, ತಿರುಗಿಸುತ್ತ ನಿಧಾನ ಎಳೆಯಬೇಕು. ಆದರೂ ಮುರಿದರೆ ತೆಳು ಮಲ್‌ಮಲ್ ಬಟ್ಟೆಯಲ್ಲಿ ಸೋಸಿದರಾಯಿತು. ಕತ್ತಿನ ಹಿಂದೆ ಟಾರ್ಚು ಹಿಡಿದು, ಒಂದೇ ಧಾರೆಯಲ್ಲಿ ಬೇರೆ ಪಾತ್ರೆಗೆ ಬಗ್ಗಿಸಿ. ಕಪ್ಪು ಗೆರೆ ಕತ್ತಿಗೆ ಬಂದ ಕ್ಷಣ ನಿಲ್ಲಿಸಿ, ಕೊನೆಯ 50 ಮಿಲಿಯ ಆಸೆ ಬಿಡಿ.

ಮೊದಲು ಮೂಗು. ಮಳೆಯಲ್ಲಿ ನೆನೆದ ಗೋಣಿಚೀಲದ ವಾಸನೆ ಬಂದರೆ ಬಿರಡೆಯ ದೋಷ, ಟಿಸಿಎ ಎಂಬ ವಸ್ತು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ, ಎಷ್ಟು ಹೊತ್ತು ಗಾಳಿಗಿಟ್ಟರೂ ಹೋಗುವುದಿಲ್ಲ. ನೇಲ್ ಪಾಲಿಶ್, ವಿನೆಗರ್ ವಾಸನೆ ಬಂದರೆ ಬ್ಯಾಕ್ಟೀರಿಯಾ ಕೆಲಸ ಮುಗಿಸಿವೆ. ಕೊಯ್ದಿಟ್ಟು ಕಂದಾದ ಸೇಬಿನ ವಾಸನೆ ಗಾಳಿ ಹೊಕ್ಕ ಗುರುತು. ಬಣ್ಣ ಇಟ್ಟಿಗೆಕೆಂಪಾಗಿದ್ದರೆ ಸರಿ, ಕಪ್ಪು ಚಹಾದಂತಿದ್ದರೆ ಕಾಲ ಮೀರಿದೆ. ಐವತ್ತು ದಾಟಿದ ಕೆಂಪು ವೈನು ನೇರಳೆಯಾಗಿದ್ದರೆ ಮತ್ತೆ ಅಸಲಿ-ನಕಲಿ ಪ್ರಶ್ನೆಗೇ ಹಿಂತಿರುಗಿ. ಎಲ್ಲ ಸರಿಯಿದ್ದರೆ ಬೇಗ ಕುಡಿಯಿರಿ. ಬಹಳ ಹಳೆಯ ವೈನಿನ ಪರಿಮಳ ಕೆಲವೊಮ್ಮೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ದ್ರಾಕ್ಷಿ ಬ್ರಾಂದಿ ಬೆರೆಸಿ ಶೇ. 20ರ ಆಸುಪಾಸಿನ ಮದ್ಯಸಾರಕ್ಕೆ ಏರಿಸಿದ ಪೋರ್ಟುಗಲ್ಲಿನ ಪೋರ್ಟ್ ಮಾತ್ರ ಹೆಚ್ಚು ಗಟ್ಟಿ, ಟ್ರಂಕಿನ ಬಾಟಲಿಗೆ ಇರುವ ಆಸೆಯೂ ಅದೇ. ವಿಜಯಪುರದ ತಿಕೋಟಾ ಕಡೆ ಮಣೂಕಕ್ಕೆ (ಒಣದ್ರಾಕ್ಷಿಗೆ) ಬೆಳೆಯುವ ಥಾಮ್ಸನ್ ಸೀಡ್‌ಲೆಸ್‌ನಿಂದ ಮಾಡಿದ ಬಿಳಿ ವೈನನ್ನು ಹೀಗೆ ಇಡಲು ಹೋಗಬೇಡಿ, ಒಂದೆರಡು ವರ್ಷದೊಳಗೆ ಕುಡಿದುಬಿಡುವುದೇ ಲೇಸು.

ಖಾಲಿಯಾದ ಬಾಟಲಿಯನ್ನು ಗುಜರಿಯವರಿಗೆ ಹಾಗೇ ಕೊಡಬೇಡಿ. ಅಸಲಿ ಗಾಜು, ಅಸಲಿ ಲೇಬಲ್ಲು, ಅಸಲಿ ಬಿರಡೆ ಮೂರೂ ಒಟ್ಟಿಗೆ ಸಿಕ್ಕರೆ ಖೋಟಾದವನಿಗೆ ಅರ್ಧ ಕೆಲಸ ಮುಗಿದಂತೆ. ಲೇಬಲ್ಲಿನ ಮೇಲೆ ಅಳಿಸಲಾಗದ ಮಾರ್ಕರಿನಿಂದ ಅಡ್ಡಗೀಟು ಎಳೆಯಿರಿ, ಬಿರಡೆಯನ್ನು ಎರಡು ತುಂಡು ಮಾಡಿ.